ಫರ್ನೇಸಿನ ಡ್ರೈನ್ ಪೈಪಿಗೆ ಪಾರದರ್ಶಕ ಟ್ರ್ಯಾಪ್

ಮನೆಯನ್ನು ಬೆಚ್ಚಗಿಡುವ ಗ್ಯಾಸ್ ಫರ್ನೇಸುಗಳಲ್ಲಿ ಶೇ. 90ಕ್ಕಿಂತ ಹೆಚ್ಚು ದಕ್ಷತೆಯುಳ್ಳವು ಹೊಗೆಯಲ್ಲಿರುವ ನೀರಾವಿಯನ್ನೂ ತಣಿಸಿ ಅದರ ಶಾಖವನ್ನು ಬಳಸಿಕೊಳ್ಳುತ್ತವೆ. ಹಾಗೆ ತಣಿದ ನೀರು ಒಂದು ಸಣ್ಣ ಪೈಪಿನ ಮೂಲಕ ಹೊರಹೋಗಬೇಕು. ಆ ದಾರಿಯಲ್ಲಿ ಸದಾ ಒಂದಿಷ್ಟು ನೀರನ್ನು ಹಿಡಿದಿಟ್ಟುಕೊಂಡು, ಹೊಗೆ ಮನೆಯೊಳಕ್ಕೆ ನುಸುಳದಂತೆ ತಡೆಯುವ ಬಾಗಿದ ಭಾಗವೇ ಟ್ರ್ಯಾಪ್. ಅದನ್ನು ಪಾರದರ್ಶಕ ಪ್ಲಾಸ್ಟಿಕ್‌ನಲ್ಲಿ ಮಾಡಿ, ಕಳಚಬಹುದಾದ ಮುಚ್ಚಳಗಳನ್ನೂ ಬಾಗುವ ಬ್ರಷ್ಷನ್ನೂ ಸೇರಿಸಿ ಮಾರುವ ಕಿಟ್ ಇಲ್ಲಿನ ವಿಷಯ.

ಇದರ ಗುಣವೆಲ್ಲ ಕಣ್ಣಿಗೆ ಕಾಣುವುದರಲ್ಲಿದೆ. ಲೋಳೆ, ತುಕ್ಕಿನ ಚೂರು, ಪೈಪ್ ಕತ್ತರಿಸಿದಾಗ ಉಳಿದ ಪ್ಲಾಸ್ಟಿಕ್ ಪುಡಿ ಇವೆಲ್ಲ ಬಂದು ಕೂರುವುದು ಟ್ರ್ಯಾಪಿನಲ್ಲೇ. ಸಾಮಾನ್ಯ ಬಿಳಿ ಪಿವಿಸಿ ಟ್ರ್ಯಾಪ್ ಕಟ್ಟಿಕೊಂಡರೆ ಅದು ಗೊತ್ತಾಗುವುದು ಬಹಳ ತಡವಾಗಿ: ನೀರು ಹಿಂದಕ್ಕೆ ತುಂಬಿ, ಪ್ರೆಷರ್ ಸ್ವಿಚ್ (ಹೊಗೆ ಎಳೆಯುವ ಫ್ಯಾನಿನ ಸೆಳೆತ ಸರಿಯಿಲ್ಲದಾಗ ಫರ್ನೇಸನ್ನು ತಡೆಯುವ ಸುರಕ್ಷತಾ ಸ್ವಿಚ್) ತೆರೆದುಕೊಂಡು, ಫರ್ನೇಸ್ ಉರಿಯುವುದನ್ನೇ ನಿಲ್ಲಿಸಿದಾಗ. ಆಗ ಎಷ್ಟೋ ಮಂದಿ ದೋಷವಿಲ್ಲದ ಸ್ವಿಚ್ಚನ್ನೇ ಬದಲಾಯಿಸಿಬಿಡುತ್ತಾರೆ. ಪಾರದರ್ಶಕ ಟ್ರ್ಯಾಪ್ ಇದ್ದರೆ ಫಿಲ್ಟರ್ ಬದಲಿಸಲು ಹೋದಾಗ ಒಮ್ಮೆ ಕಣ್ಣು ಹಾಯಿಸಿದರೂ ಸಾಕು. ಮುಚ್ಚಳ ತೆಗೆದು ಬ್ರಷ್ ಆಡಿಸುವುದೂ ಸುಲಭ, ಪೈಪ್ ಕತ್ತರಿಸಬೇಕಾಗಿಲ್ಲ. ಬ್ರಷ್ ಮಾತ್ರ ಅಷ್ಟಕ್ಕಷ್ಟೇ. ಅದು ಬಾಗುವಿನಾಚೆ ದೂರ ಹೋಗುವುದಿಲ್ಲವಾದ್ದರಿಂದ ಮುಂದಿನ ಪೈಪಿಗೆ, ಹೊರತುದಿಯಿಂದ ಎಳೆಯುವ, ನೀರನ್ನೂ ಹೀರಬಲ್ಲ ವ್ಯಾಕ್ಯೂಮ್ ಬೇಕೇ ಬೇಕು. ಬೆಳಕು ಬೀಳುವ ಜಾಗದಲ್ಲಿ ಪಾರದರ್ಶಕ ಗೋಡೆಯೇ ಪಾಚಿಗೆ ಅನುಕೂಲವಾಗುತ್ತದೆ ಎಂಬುದೂ ನಿಜ.

ಆದರೆ ಕಿಟ್‌ನ ಪೊಟ್ಟಣದ ಮೇಲೆ ದೊಡ್ಡಕ್ಷರಗಳಲ್ಲಿ ಇರಬೇಕಾದ ಮಾತು ಬೇರೆಯೇ ಇದೆ. ಅನೇಕ ಫರ್ನೇಸುಗಳಿಗೆ ತಯಾರಕರೇ ತಮ್ಮದೊಂದು ಟ್ರ್ಯಾಪನ್ನು ಒಳಗೆ ಅಳವಡಿಸಿರುತ್ತಾರೆ. ಅದರ ಆಳ ಆ ಯಂತ್ರದ ಫ್ಯಾನಿನ ಸೆಳೆತಕ್ಕೆ ಹೊಂದುವಂತೆ ನಿಗದಿಯಾಗಿರುತ್ತದೆ. ಅದರ ಮುಂದೆ ಇನ್ನೊಂದು ಟ್ರ್ಯಾಪ್ ಕೂರಿಸಿದರೆ ಎರಡರ ನಡುವೆ ಗಾಳಿ ಸಿಕ್ಕಿಕೊಂಡು ನೀರು ಹರಿಯದೆ ನಿಲ್ಲಬಹುದು, ಅಂದರೆ ಯಾವ ತೊಂದರೆಗೆ ಹೆದರಿ ಇದನ್ನು ಕೊಂಡಿರೋ ಅದೇ ತೊಂದರೆಯನ್ನು ದುಡ್ಡು ಕೊಟ್ಟು ತಂದಂತಾಗುತ್ತದೆ. ಒಳ ಟ್ರ್ಯಾಪನ್ನು ತೆಗೆದು ಇದನ್ನು ಹಾಕುವುದೂ ಸಲ್ಲದು. ಆದ್ದರಿಂದ ಕೈಪಿಡಿಯು ಹೊರಗಿನ ಟ್ರ್ಯಾಪಿಗೆ ಸ್ಪಷ್ಟ ಅನುಮತಿ ಕೊಟ್ಟು, ಕಿಟ್‌ನ ಅಳತೆಯೂ ಅದಕ್ಕೆ ಹೊಂದಿದರೆ ಮಾತ್ರ ಇದನ್ನು ಕೊಳ್ಳಿರಿ. ಉಳಿದವರಿಗೆ ಒಳ ಟ್ರ್ಯಾಪನ್ನು ವರ್ಷಕ್ಕೊಮ್ಮೆ, ಚಳಿಗಾಲಕ್ಕೆ ಮುನ್ನ, ಬಿಚ್ಚಿ ತೊಳೆಯುವುದೇ ಸರಿಯಾದ ದಾರಿ.

ಕಿಟ್‌ನ ಜೊತೆ ಬರುವ ಸೂಚನಾಪತ್ರ ತೀರಾ ಚಿಕ್ಕದು. ಬ್ಲೀಚ್ ಬಳಸಬಾರದೆಂದು ಅದರಲ್ಲಿ ಹೇಳಿಲ್ಲ. ಬ್ಲೀಚಿನ ಕ್ಲೋರಿನ್ ಆವಿ ಫರ್ನೇಸಿನ ಒಳಗಿನ ಲೋಹವನ್ನು ತಿನ್ನುತ್ತದೆ, ಬೆಚ್ಚಗಿನ ನೀರು ಮತ್ತು ವಿನೆಗರ್ ಸಾಕು. ಕುದಿಯುವ ನೀರು ಪಿವಿಸಿಯನ್ನು ಮೆತ್ತಗಾಗಿಸುತ್ತದೆ. ಪೈಪಿಗೆ ಸಾಕಷ್ಟು ಇಳಿಜಾರು, ಸಾಮಾನ್ಯವಾಗಿ ಅಡಿಗೆ ಕಾಲು ಇಂಚಿನಷ್ಟು, ಇಲ್ಲದಿದ್ದರೆ ಯಾವ ಟ್ರ್ಯಾಪ್ ಇದ್ದರೂ ನೀರು ಸರಿಯಾಗಿ ಹರಿಯದು. ತೊಳೆದ ಮೇಲೆ ಟ್ರ್ಯಾಪಿಗೆ ಮತ್ತೆ ನೀರು ತುಂಬಬೇಕೆಂಬ ಅತಿ ಮುಖ್ಯ ಮಾತಿಗೂ ಅಲ್ಲಿ ಜಾಗ ಸಿಕ್ಕಿಲ್ಲ. ಒಣ ಟ್ರ್ಯಾಪ್ ಹೊಗೆಯನ್ನು ತಡೆಯಲಾರದು.