ಟೆಕ್ಸಸ್‌ನಲ್ಲಿ ಪ್ರಿನ್ಸಿಪಾಲ್ ಆಗಲು ಆನ್‌ಲೈನ್ ಎಂ.ಎಡ್.: ಫೀಸು ಕಟ್ಟುವ ಮುಂಚೆ

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಕಡೆ ನಾಲ್ಕೈದು ವರ್ಷ ಪಾಠ ಮಾಡಿದ ಶಿಕ್ಷಕರಿಗೆ ಈ ಕೋರ್ಸಿನ ಜಾಹೀರಾತು ಬೇಡವೆಂದರೂ ಬಂದು ಬೀಳುತ್ತದೆ. ವಾರಕ್ಕೆ ಇಷ್ಟು ಗಂಟೆ, ಎಲ್ಲವೂ ಆನ್‌ಲೈನ್, ಒಂದೂವರೆ ವರ್ಷದಲ್ಲಿ ಡಿಗ್ರಿ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಡಿಗ್ರಿ ಇಲ್ಲಿ ಸುಲಭದ ಭಾಗ. ಕೋರ್ಸು ಒಳ್ಳೆಯದೋ ಕೆಟ್ಟದ್ದೋ ಎಂಬುದು ತೀರ್ಮಾನವಾಗುವುದು ಪ್ರಾಕ್ಟಿಕಮ್‌ನಲ್ಲಿ, ಅಂದರೆ ಶಾಲೆಯಲ್ಲೇ ಮಾಡುವ ಪ್ರಾಯೋಗಿಕ ತರಬೇತಿಯಲ್ಲಿ. ಅದರ ಬಗ್ಗೆ ಮಾತ್ರ ಜಾಹೀರಾತಿನಲ್ಲಿ ಚಕಾರವಿರುವುದಿಲ್ಲ.

ಊರಿನಲ್ಲಿ ಎಂ.ಎಡ್. ಮಾಡುವವರ ಕಣ್ಣು ಹೆಚ್ಚಾಗಿ ಬಿ.ಎಡ್. ಕಾಲೇಜಿನ ಉಪನ್ಯಾಸಕ ಹುದ್ದೆಯ ಮೇಲೆ. ಇಲ್ಲಿನದು ಆ ಬಗೆಯದಲ್ಲ, ನೇರವಾಗಿ ಶಾಲೆ ನಡೆಸುವವರಿಗೆ. ಟೆಕ್ಸಸ್ ಕೊಡುವ ಸರ್ಟಿಫಿಕೇಟಿನ ಹೆಸರು 'ಪ್ರಿನ್ಸಿಪಾಲ್ ಆಸ್ ಇನ್‌ಸ್ಟ್ರಕ್ಷನಲ್ ಲೀಡರ್'. ಅದಕ್ಕೆ ಬೇಕಾದ್ದು ಮಾಸ್ಟರ್ಸ್ ಡಿಗ್ರಿ, ಚಾಲ್ತಿಯಲ್ಲಿರುವ ಶಿಕ್ಷಕ ಸರ್ಟಿಫಿಕೇಟ್, ತರಗತಿಯಲ್ಲಿ 2 ವರ್ಷದ ಅನುಭವ, ರಾಜ್ಯ ಒಪ್ಪಿದ ತರಬೇತಿ, ಜೊತೆಗೆ ಎರಡು ಪರೀಕ್ಷೆ. ಕೆಲವು ಎಜುಕೇಶನಲ್ ಲೀಡರ್‌ಶಿಪ್ ಡಿಗ್ರಿಗಳಲ್ಲಿ ಈ ಸರ್ಟಿಫಿಕೇಟಿನ ತರಬೇತಿ ಸೇರಿರುವುದೇ ಇಲ್ಲ. ಹೆಸರು ನೋಡಿ ಸೇರಿದವರಿಗೆ ಇದು ಕೊನೆಯ ಸೆಮಿಸ್ಟರಿನಲ್ಲಿ ಗೊತ್ತಾದರೆ ದೇವರೇ ಗತಿ.

ಓದು ಸಾಮಾನ್ಯವಾಗಿ 30ರಿಂದ 36 ಕ್ರೆಡಿಟ್. ಶಾಲಾ ಕಾನೂನು, ಹಣಕಾಸು, ಪಠ್ಯಕ್ರಮ, ವಿಶೇಷ ಶಿಕ್ಷಣ, ಸಿಬ್ಬಂದಿ ಮೌಲ್ಯಮಾಪನ. ಕಾನೂನಿನ ಪೇಪರ್ ಎಲ್ಲ ಕಡೆಯೂ ಚೆನ್ನಾಗಿದೆ. ಹಣಕಾಸಿನದು ಬಹುತೇಕ ಕಡೆ ಸಪ್ಪೆ: ಒಂದು ಶಾಲೆಯ ನಿಜವಾದ ಬಜೆಟ್ ಹಾಳೆಯನ್ನು ಕೈಗೆ ಕೊಟ್ಟು ಲೆಕ್ಕ ಕೇಳುವ ಕೋರ್ಸು ಸಿಕ್ಕಿದರೆ ಬಿಡಬೇಡಿ. ಚರ್ಚಾ ಫಲಕದಲ್ಲಿ ವಾರಕ್ಕೊಂದು ಪೋಸ್ಟ್, ಇಬ್ಬರಿಗೆ ಉತ್ತರ ಎಂಬ ಶಾಸ್ತ್ರದಿಂದ ಕಲಿಯುವುದು ಅಷ್ಟಕ್ಕಷ್ಟೇ.

ಇನ್ನು ಪ್ರಾಕ್ಟಿಕಮ್. ಕನಿಷ್ಠ 160 ಗಂಟೆ, ಅದೂ ನಡೆಯುತ್ತಿರುವ ಶಾಲೆಯಲ್ಲಿ. ಸ್ಥಳದಲ್ಲಿ ಒಬ್ಬ ಮಾರ್ಗದರ್ಶಕ ಪ್ರಿನ್ಸಿಪಾಲ್, ಕೋರ್ಸಿನ ಕಡೆಯಿಂದ ಒಬ್ಬ ಫೀಲ್ಡ್ ಸೂಪರ್‌ವೈಸರ್. ಹಗಲೆಲ್ಲ ಪಾಠವಿರುವ ಶಿಕ್ಷಕರಿಗೆ ಉಳಿಯುವ ಹೊತ್ತೆಂದರೆ ಶಾಲೆಯ ಮುಂಚೆ, ಊಟದ ಬಿಡುವು, ಶಾಲೆಯ ನಂತರ. ಆ ಹೊತ್ತಿನಲ್ಲಿ ಸಿಗುವ ಕೆಲಸ ಬಸ್ ಡ್ಯೂಟಿ, ಕೆಫೆಟೀರಿಯಾ ಕಾವಲು, ಪಠ್ಯಪುಸ್ತಕದ ಎಣಿಕೆ. ಗಂಟೆ ತುಂಬುತ್ತದೆ, ಕೆಲಸ ಬರುವುದಿಲ್ಲ. ಪಾಠ ವೀಕ್ಷಿಸಿ ಶಿಕ್ಷಕರೊಡನೆ ಕೂತು ಮಾತಾಡುವುದು, ವಿಶೇಷ ಶಿಕ್ಷಣದ ಎಆರ್‌ಡಿ ಸಭೆ (ಒಂದು ಮಗುವಿಗೆ ಯಾವ ವಿಶೇಷ ಶಿಕ್ಷಣ ಎಂದು ತೀರ್ಮಾನಿಸುವ ಸಮಿತಿಯದು), ಪರೀಕ್ಷಾ ಅಂಕಗಳನ್ನು ಬಿಡಿಸಿ ನೋಡುವುದು, ಇವೆಲ್ಲ ಹಗಲಿನ ಕೆಲಸ. ಹಾಗಾಗಿ ಸೇರುವ ಮೊದಲೇ ನಿಮ್ಮ ಪ್ರಿನ್ಸಿಪಾಲರ ಬಳಿ ಕೂತು, ತಿಂಗಳಿಗೆ ಎಷ್ಟು ಅರ್ಧ ದಿನ ಬದಲಿ ಶಿಕ್ಷಕರನ್ನು ಕೊಡುತ್ತಾರೆ ಎಂದು ಬರೆಸಿಕೊಳ್ಳಿ. ಕೋರ್ಸಿನವರನ್ನು ಕೇಳಬೇಕಾದ್ದು: ಒಬ್ಬ ಸೂಪರ್‌ವೈಸರ್ ಕೈಯಲ್ಲಿ ಎಷ್ಟು ಅಭ್ಯರ್ಥಿಗಳಿದ್ದಾರೆ, ಅವರು ಹಿಂದೆ ಟೆಕ್ಸಸ್‌ನಲ್ಲೇ ಪ್ರಿನ್ಸಿಪಾಲ್ ಆಗಿದ್ದರೇ. ಉತ್ತರ ತಡವರಿಸಿದರೆ ಮುಂದಿನ ಕೋರ್ಸು ನೋಡಿ.

ಸರ್ಟಿಫಿಕೇಟಿಗೆ ಬೇಕಾದ ಎರಡು ಪರೀಕ್ಷೆಗಳನ್ನು ಅವುಗಳ ಸಂಖ್ಯೆಯಿಂದಲೇ ಕರೆಯುತ್ತಾರೆ. ಮೊದಲನೆಯದು 268. ಐದು ಗಂಟೆಯದು, 70 ಆಯ್ಕೆ ಪ್ರಶ್ನೆ, 4 ಬರೆಯುವ ಪ್ರಶ್ನೆ, ಪಾಸಾಗಲು 240 ಅಂಕ. ಬರೆಯುವ ನಾಲ್ಕಕ್ಕೇ ಅಂಕದಲ್ಲಿ 40 ಶೇಕಡಾ ತೂಕ. ಅನುಭವಿ ಶಿಕ್ಷಕರೂ ಮುಗ್ಗರಿಸುವುದು ಇಲ್ಲೇ, ಏಕೆಂದರೆ 'ಸಮಿತಿ ರಚಿಸುತ್ತೇನೆ' ಎಂದು ಬರೆದು ಮುಗಿಸುತ್ತಾರೆ. ಕೊಟ್ಟ ದಾಖಲೆಯ ಯಾವ ಅಂಕಿಯಿಂದ ಏನು ಕಂಡಿತು, ಅದಕ್ಕೆ ಯಾವ ಹೆಜ್ಜೆ, ಆ ಹೆಜ್ಜೆ ಏಕೆ: ಈ ಮೂರೂ ಇರಬೇಕು.

ಎರಡನೆಯದು 368, ಎಲ್ಲರ ಬಾಯಲ್ಲಿ 'ಪ್ಯಾಸಲ್'. ಇದು ಕೂತು ಬರೆಯುವ ಪರೀಕ್ಷೆಯಲ್ಲ, ಶಾಲೆಯಲ್ಲಿ ಮಾಡಿ ತೋರಿಸಿ ಕಳಿಸುವ 3 ಟಾಸ್ಕ್‌ಗಳು: ಕಲಿಕೆಗೆ ಅಡ್ಡಿಯಾದ ಒಂದು ಸಮಸ್ಯೆ ಬಿಡಿಸುವುದು, ಶಿಕ್ಷಕರ ವೃತ್ತಿ ಬೆಳವಣಿಗೆಗೆ ನೆರವಾಗುವುದು, ಒಟ್ಟಾಗಿ ದುಡಿಯುವ ತಂಡ ಕಟ್ಟುವುದು. ಮೂರನೆಯದಕ್ಕೆ 15 ನಿಮಿಷದ ವಿಡಿಯೋ ಬೇಕು. ಅದರಲ್ಲಿ ಕಾಣುವ ಪ್ರತಿಯೊಬ್ಬರ ಒಪ್ಪಿಗೆ ಪತ್ರ ಮೊದಲೇ ಕೈಯಲ್ಲಿರಲಿ. ಮೊದಲ ಟಾಸ್ಕ್‌ಗೆ ಪಾರ್ಕಿಂಗ್ ಗೊಂದಲದಂಥ ವಿಷಯ ಹಿಡಿದರೆ ಕೆಟ್ಟಿತು, ಮಕ್ಕಳ ಕಲಿಕೆಗೆ ಕೊಂಡಿ ಹಾಕಲು ಆಗುವುದಿಲ್ಲ. ಯೋಜನೆಯನ್ನು ಜಾರಿ ಮಾಡಿ ಫಲಿತಾಂಶವನ್ನೂ ತೋರಿಸಬೇಕಾದ್ದರಿಂದ ಪ್ರಾಕ್ಟಿಕಮ್‌ನ ಮೊದಲ ವಾರದಲ್ಲೇ ಶುರು ಮಾಡಬೇಕು. ಮೇ ತಿಂಗಳಲ್ಲಿ ಕಣ್ಣು ಬಿಟ್ಟವರಿಗೆ ಶಾಲೆಯೇ ಮುಚ್ಚಿರುತ್ತದೆ. ಟಾಸ್ಕ್‌ಗಳನ್ನು ಕೋರ್ಸಿನ ಅಸೈನ್‌ಮೆಂಟ್‌ಗಳೊಳಗೇ ಹೆಣೆದ ವಿಶ್ವವಿದ್ಯಾಲಯಗಳಿವೆ. ಸ್ವಲ್ಪ ದುಬಾರಿಯಾದರೂ ಅವೇ ಲಾಭ.

ಸರ್ಟಿಫಿಕೇಟ್ ಬಂದ ಮೇಲೂ ಶಿಕ್ಷಕರ ಮೌಲ್ಯಮಾಪನ ಮಾಡುವ ಅಧಿಕಾರಕ್ಕೆ ಟಿ-ಟೆಸ್ (ಟೆಕ್ಸಸ್‌ನ ಶಿಕ್ಷಕ ಮೌಲ್ಯಮಾಪನ ಪದ್ಧತಿ) ತರಬೇತಿ ಬೇರೆ ಬೇಕು. ಕೆಲವು ಕೋರ್ಸಿನವರು ಅದನ್ನು ಫೀಸಿನಲ್ಲೇ ಸೇರಿಸಿರುತ್ತಾರೆ, ಕೇಳಿ ನೋಡಿ.

ಕರ್ನಾಟಕದಿಂದ ಎಂ.ಎ., ಎಂ.ಎಸ್ಸಿ. ಮುಗಿಸಿ ಬಂದವರು ಮಾತ್ರ ಎರಡನೇ ಮಾಸ್ಟರ್ಸ್‌ಗೆ ದುಡ್ಡು ಸುರಿಯುವ ಮುನ್ನ ನಿಲ್ಲಬೇಕು. ಟೆಕ್ಸಸ್ ಶಿಕ್ಷಣ ಇಲಾಖೆ ಒಪ್ಪುವ ಸಂಸ್ಥೆಯಿಂದ ಅಂಕಪಟ್ಟಿಗಳ ಮೌಲ್ಯಮಾಪನ ಮಾಡಿಸಿ. ಮೂರು ವರ್ಷದ ಪದವಿಯನ್ನು ಎಲ್ಲ ಸಂಸ್ಥೆಗಳೂ ಒಂದೇ ರೀತಿ ತೂಗುವುದಿಲ್ಲ, ಆದ್ದರಿಂದ ಮೊದಲೇ ವಿಚಾರಿಸಿ. ಮಾಸ್ಟರ್ಸ್‌ಗೆ ಸಮ ಎಂದು ಬಂದರೆ ಬರೀ ಸರ್ಟಿಫಿಕೇಟಿನ ಕೋರ್ಸು ಸಾಕು: ಕ್ರೆಡಿಟ್ ಕಡಿಮೆ, ಫೀಸೂ ಕಡಿಮೆ, ಪ್ರಾಕ್ಟಿಕಮ್ ಮಾತ್ರ ಅದೇ 160 ಗಂಟೆ.