ಹೊಸ ಲೇಖಕರ ಕರಾರು: ಮಾರಾಟದ ರಾಯಧನವೋ, ಮುದ್ರಣದ ರಾಯಧನವೋ?

ಒಂದು ಪುಸ್ತಕಕ್ಕೆ 500 ಪ್ರತಿ ಅಚ್ಚು ಹಾಕಿಸುವ ಶಿವಮೊಗ್ಗದಂಥ ಊರಿನ ಪ್ರಕಾಶನಕ್ಕೆ ಮುದ್ರಣದ ಮೇಲೆ, ಅಂದರೆ ಮಾರಾಟವಾಗಲಿ ಬಿಡಲಿ ಅಚ್ಚಾದ ಪ್ರತಿಗಳ ಲೆಕ್ಕದಲ್ಲಿ, ರಾಯಧನ (ಬೆಲೆಯಲ್ಲಿ ಲೇಖಕರ ಪಾಲು) ಕೊಡುವ ಕರಾರೇ ಸರಿ. ಮಾರಾಟದ ಮೇಲೆ ಕೊಡುವುದನ್ನೂ, ಗೌರವಧನ ಕೊಟ್ಟು ಒಂದೇ ಸಲಕ್ಕೆ ಮುಗಿಸುವುದನ್ನೂ ಮಾಡಿ ನೋಡಿದ ಮೇಲೆ ಹೇಳುವ ಮಾತಿದು.

ಮಾರಾಟದ ಮೇಲೆ ಶೇ. 10 ಅಂದರೆ ನ್ಯಾಯವಾಗಿಯೇ ಕಾಣುತ್ತದೆ. ತೊಡಕಿರುವುದು ‘ಮಾರಾಟವಾದ ಪ್ರತಿ’ ಯಾವುದು ಅನ್ನುವುದರಲ್ಲಿ. ಸಾಗರ, ತೀರ್ಥಹಳ್ಳಿಯ ಅಂಗಡಿಗಳಿಗೆ ತಲಾ 20 ಪ್ರತಿ ಕಳಿಸುತ್ತೀರಿ; ಹೋದಷ್ಟಕ್ಕೆ ದುಡ್ಡು, ಉಳಿದದ್ದು ವಾಪಸ್. ಜೂನ್‌ನಲ್ಲಿ ಕಳಿಸಿದ ಕಟ್ಟು ದೀಪಾವಳಿಗೆ ವಾಪಸ್ ಬಂದಾಗ ಬಿಚ್ಚಿದರೆ ಅಂಚಿಗೆಲ್ಲ ಬೂಷ್ಟು, ರಕ್ಷಾಪುಟ ಉಬ್ಬಿಕೊಂಡಿರುತ್ತದೆ. ಅವನ್ನು ಮಾರಾಟಕ್ಕೂ ಸೇರಿಸುವಂತಿಲ್ಲ, ದಾಸ್ತಾನಿಗೂ ಸೇರಿಸುವಂತಿಲ್ಲ. ಅಂಗಡಿಗೆ ಶೇ. 35 ಬಿಟ್ಟರೆ 200 ರೂಪಾಯಿ ಪುಸ್ತಕಕ್ಕೆ ನಿಮ್ಮ ಕೈಗೆ ಬರುವುದು 130. ರಾಯಧನ 20 ರೂಪಾಯಿಯೋ, 13 ರೂಪಾಯಿಯೋ? ಗ್ರಂಥಾಲಯ ಇಲಾಖೆ ಕೊಂಡರೆ ದರ ಪುಟದ ಲೆಕ್ಕದ್ದು, ಮುಖಬೆಲೆಯದ್ದಲ್ಲ. ಹಣವೂ ತಡವಾಗಿ ಬರುತ್ತದೆ. ಪುಸ್ತಕ ಹೋದ ದಿನ ಲೇಖಕರಿಗೆ ಕೊಡಬೇಕೋ, ಹಣ ಬಂದ ದಿನವೋ? ಇಷ್ಟನ್ನೂ ಕರಾರಿನಲ್ಲಿ ಬಿಡಿಸಿ ಬರೆಯದಿದ್ದರೆ, ಹೊಸನಗರದ ಲೇಖಕಿ ಫೋನ್ ಮಾಡಿ “ಎಷ್ಟು ಹೋದ್ವು ಸರ್?” ಅಂದಾಗ ಪ್ರಕಾಶಕರ ಬಳಿಯೇ ಉತ್ತರ ಇರುವುದಿಲ್ಲ. ಮೋಸ ಇಲ್ಲದಲ್ಲೂ ಅನುಮಾನ ಹುಟ್ಟುವುದು ಹೀಗೆ.

ಮುದ್ರಣದ ಲೆಕ್ಕಕ್ಕೆ ಈ ರಗಳೆ ಇಲ್ಲ. 500ರಲ್ಲಿ ಗೌರವ ಪ್ರತಿ, ವಿಮರ್ಶೆಯ ಪ್ರತಿ ಅಂತ 50 ಕಳೆಯಿರಿ. ಉಳಿದ 450ಕ್ಕೆ ಮುಖಬೆಲೆಯ ಶೇ. 10, ಅಂದರೆ ತಲಾ 20ರಂತೆ 9,000 ರೂಪಾಯಿ. ಅರ್ಧ ಬಿಡುಗಡೆಯ ದಿನ, ಅರ್ಧ ಆರು ತಿಂಗಳಿಗೆ. ಮುದ್ರಣಾಲಯದ ಬಿಲ್ಲಿನ ನಕಲನ್ನು ಮೊದಲ ಕಂತಿನ ಜೊತೆಗೇ ಲೇಖಕರಿಗೆ ಕೊಡಿ. ಮರುಮುದ್ರಣಕ್ಕೂ ಇದೇ ಲೆಕ್ಕ. ಪುಸ್ತಕ ಹೋಗದಿದ್ದರೆ ನಷ್ಟ ಪ್ರಕಾಶಕರದ್ದೇ, ನಿಜ. ಕೈಯಲ್ಲಿ ಅಷ್ಟು ಹಣವಿಲ್ಲದಿದ್ದರೆ ಮೊದಲು 300 ಪ್ರತಿ ಹಾಕಿಸಿ. ರಾಯಧನದ ದರವನ್ನು ಮಾತ್ರ ಇಳಿಸಬೇಡಿ.

ಗೌರವಧನದ ಕರಾರು ಹಲವರ ಬರಹ ಸೇರಿಸುವ ಸಂಕಲನಕ್ಕೆ ಸಾಕು, ಕಾದಂಬರಿಗೆ ಬೇಡ. ಅದರಲ್ಲಿ ಸಾಮಾನ್ಯವಾಗಿ ‘ಎಲ್ಲ ಹಕ್ಕುಗಳೂ ಪ್ರಕಾಶಕರದ್ದು’ ಎಂಬ ಒಂದು ಸಾಲು ಇರುತ್ತದೆ, ಹೊಸಬರು ಓದದೆ ಸಹಿ ಹಾಕುತ್ತಾರೆ. ಲೇಖಕರಿಂದಲೇ ಅಚ್ಚಿನ ಖರ್ಚು ಕೇಳುವ ಪದ್ಧತಿಯನ್ನು ಹೋಲಿಕೆಗೆ ತೆಗೆದುಕೊಂಡೇ ಇಲ್ಲ.

ಯಾವ ಬಗೆ ಆರಿಸಿದರೂ ಅವಧಿ ಬರೆಯಿರಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿದ್ದು ಸಹಿ ಇರಬೇಕು. ಅವಧಿ ಹೇಳದಿದ್ದರೆ ಐದು ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ. ಬೇರೆ ಮಾತು ಇಲ್ಲದಿದ್ದರೆ, ಒಂದು ವರ್ಷ ಬಳಸದ ಹಕ್ಕು ಬಿದ್ದುಹೋಗುತ್ತದೆ. ಕನ್ನಡದ ಮುದ್ರಿತ ಆವೃತ್ತಿಯ ಹಕ್ಕನ್ನು ಐದು ವರ್ಷಕ್ಕೆ ಪಡೆದರೆ ಸಾಕು. ಇ-ಪುಸ್ತಕ, ಆಡಿಯೊ, ಅನುವಾದ, ಸಿನಿಮಾ ಲೇಖಕರ ಬಳಿಯೇ ಇರಲಿ. ಪ್ರತಿಗಳು ಮುಗಿದು, ಲೇಖಕರು ಪತ್ರ ಬರೆದ ಆರು ತಿಂಗಳೊಳಗೆ ಮರುಮುದ್ರಣ ಆಗದಿದ್ದರೆ ಮುದ್ರಣದ ಹಕ್ಕೂ ಅವರಿಗೆ ವಾಪಸ್ ಹೋಗಬೇಕು. ಆ ಸಾಲನ್ನು ಪ್ರಕಾಶಕರೇ ಸೇರಿಸಲಿ.