ಪೈಲ್ ಬುಡದ ಗ್ರೌಟಿಂಗ್ ಸೇವೆ: ತೊಳೆಯುವ ಕೆಲಸಕ್ಕೇ ಬೆಲೆ

ಬೆಂಗಳೂರಿನ ಶಿಥಿಲ ಬಂಡೆಯಲ್ಲಿ ಕೂರಿಸಿದ ಬೋರ್ಡ್ ಪೈಲಿನ (ನೆಲ ಕೊರೆದು ಕಾಂಕ್ರೀಟ್ ಎರೆದ ಅಡಿಪಾಯದ ಕಂಬ) ತಳದಲ್ಲಿ ಕೆಸರು ಉಳಿದಿದೆಯೆಂದು ಕೋರ್ (ಕೊರೆದು ತೆಗೆಯುವ ಉದ್ದನೆಯ ಮಾದರಿ) ತೆಗೆದಾಗ ಗೊತ್ತಾದರೆ, ಪಕ್ಕದಲ್ಲಿ ಹೊಸ ಪೈಲ್ ಹಾಕುವ ಮುನ್ನ ತಳ ತೊಳೆದು ಗ್ರೌಟ್ (ಸಿಮೆಂಟ್-ನೀರಿನ ದ್ರವ ಮಿಶ್ರಣ) ತುಂಬುವ ಈ ಸೇವೆಯನ್ನು ಪರಿಗಣಿಸಲೇಬೇಕು. ಬುಡದ ಕೆಸರಿಗೆ ಪರಿಹಾರವಾಗಿ ಈ ಸೇವೆಗೆ ನಾವು ಕೊಡುವ ಅಂಕ 5ಕ್ಕೆ 4. ಪೈಲಿನ ಮೈ ನಡುವೆ ಮಣ್ಣು ಸೇರಿದ್ದರೆ, ಕಂಬ ಸಣಕಲಾಗಿದ್ದರೆ 1 ಮಾತ್ರ. ಅಲ್ಲಿ ಗ್ರೌಟ್ ಬಿರುಕು ತುಂಬೀತು, ಕಳೆದುಹೋದ ಕಾಂಕ್ರೀಟನ್ನು ಮರಳಿ ಕೊಡದು.

ಕೆಲಸದ ಕ್ರಮ ಸರಳ. ಪೈಲಿನೊಳಗೆ ಕನಿಷ್ಠ ಎರಡು ರಂಧ್ರ ಕೊರೆದು, ತಳ ದಾಟಿ ಗಟ್ಟಿ ಕಲ್ಲಿನೊಳಕ್ಕೆ ಅರ್ಧ ಮೀಟರ್ ಇಳಿಸುತ್ತಾರೆ. ಒಂದರಲ್ಲಿ ನೀರು, ಗಾಳಿ ನುಗ್ಗಿಸಿದರೆ ಇನ್ನೊಂದರಿಂದ ರಾಡಿ ಹೊರಬರಬೇಕು. ಆಮೇಲೆ ದಿಕ್ಕು ಬದಲಿಸಿ ಮತ್ತೆ ತೊಳೆಯಬೇಕು, ತಿಳಿನೀರು ಬರುವವರೆಗೂ. ಹೆಚ್ಚಿನ ತಂಡಗಳು ಎಡವುವುದು ಇಲ್ಲಿಯೇ. ಅರ್ಧ ತೊಳೆದ ಬೆಂಟೋನೈಟ್ (ಕೊರೆದ ಗುಂಡಿ ಕುಸಿಯದಂತೆ ಬಳಸುವ ಜೇಡಿ) ಕೆಸರಿನೊಳಗೆ ಗ್ರೌಟ್ ಬೆರೆಯುವುದಿಲ್ಲ. ನಾಲಗೆಯಂತೆ ಒಂದು ಕಡೆ ಸೀಳಿಕೊಂಡು ಹೋಗುತ್ತದೆ, ಉಳಿದೆಡೆ ಕೆಸರು ಹಾಗೇ ಇರುತ್ತದೆ. ಪ್ರೆಶರ್ ಗೇಜ್ ಮಾತ್ರ ಚೆನ್ನಾಗಿ ಏರಿರುತ್ತದೆ!

ಬಿಲ್ಲಿನಲ್ಲಿರುವ ಚೀಲಗಳ ಲೆಕ್ಕವನ್ನು ನೀವೇ ತಾಳೆ ನೋಡಿ. 1 ಮೀಟರ್ ವ್ಯಾಸದ ಪೈಲಿನಡಿ 50 ಮಿಮೀ ಕೆಸರಿದ್ದರೆ ಅದರ ಗಾತ್ರ ಸುಮಾರು 39 ಲೀಟರ್. ನೀರು-ಸಿಮೆಂಟ್ ಅನುಪಾತ 0.45 ಇಟ್ಟರೆ 50 ಕೆಜಿಯ ಒಂದು ಚೀಲದಿಂದ ಸಿಗುವುದು ಸುಮಾರು 38 ಲೀಟರ್ ಗ್ರೌಟ್. ರಂಧ್ರಗಳನ್ನು ತುಂಬಲು ಬೇಕಾದ್ದನ್ನು ಸೇರಿಸಿದ ಮೇಲೂ ಇಪ್ಪತ್ತು ಚೀಲ ಹೋಗಿದೆ ಎಂದರೆ ಗ್ರೌಟ್ ಬಂಡೆಯ ಸೀಳಿಗೋ ಪಕ್ಕದ ಮಣ್ಣಿಗೋ ಸೇರಿದೆ.

ಕೊಟೇಶನ್ನಿನಲ್ಲಿ "40 ಬಾರ್ ಒತ್ತಡ" (ಒಂದು ಬಾರ್ ಎಂದರೆ ಸುಮಾರು ಗಾಳಿಯ ಸಹಜ ಒತ್ತಡದಷ್ಟು) ಎಂದು ಕಂಡರೆ ಪ್ರಶ್ನಿಸಿ. ಅದೇ ಪೈಲಿನ ತಳವಿಡೀ 40 ಬಾರ್ ಹರಡಿದರೆ ಮೇಲ್ಮುಖ ಬಲ ಸುಮಾರು 320 ಟನ್. 20 ಮೀಟರ್ ಉದ್ದದ ಪೈಲಿನ ತೂಕ 40 ಟನ್ ಮಾತ್ರ. ಉಳಿದದ್ದನ್ನು ಪೈಲಿನ ಮೈಗೂ ಸುತ್ತಲಿನ ನೆಲಕ್ಕೂ ನಡುವಿನ ಘರ್ಷಣೆಯೇ ತಡೆಯಬೇಕು. ಹಾಗಾಗಿ ಪೈಲಿನ ತಲೆಗೆ ಡಯಲ್ ಗೇಜ್ (ಪೈಲ್ ಎಷ್ಟು ಎದ್ದಿತೆಂದು ಅಳೆಯುವ ಮಾಪಕ) ಇಡದ ತಂಡಕ್ಕೆ ಕೆಲಸ ಕೊಡಬೇಡಿ. ಪೈಲ್ ಎಷ್ಟು ಮಿಮೀ ಎದ್ದರೆ ಪಂಪ್ ನಿಲ್ಲಬೇಕೆಂದು ವಿನ್ಯಾಸಕರಿಂದ ಮೊದಲೇ ಬರೆಸಿಕೊಳ್ಳಿ.

ಕಂಬಿಪಂಜರದ ಜೊತೆಗೇ ತೂತುಗಳ ಮೇಲೆ ರಬ್ಬರ್ ತೋಳು ಹೊದಿಸಿದ ಕೊಳವೆ ಇಳಿಸಿ, ಎರಕದ ಮರುದಿನ ನೀರಿನ ಒತ್ತಡದಿಂದ ತೋಳು ತೆರೆಸಿಟ್ಟು, ಕಾಂಕ್ರೀಟ್ ಬಲ ಪಡೆದ ಮೇಲೆ ಗ್ರೌಟ್ ಮಾಡುವ ವಿಧಾನವೇ ಬೇರೆ. ವೆನೆಜುವೆಲಾದ ಮರಕೈಬೊ ಸೇತುವೆಯಲ್ಲಿ 1960ರ ದಶಕದ ಆರಂಭದಲ್ಲೇ ಎರಕದ ನಂತರ ಪೈಲಿನ ಬುಡಕ್ಕೆ ಗ್ರೌಟ್ ಮಾಡಿದ್ದರು. ಮರಳು ನೆಲದಲ್ಲಿ ಇದರ ಲಾಭ ದೊಡ್ಡದು, ಜೇಡಿಯಲ್ಲಿ ಕಡಿಮೆ. ಮಂಗಳೂರಿನ ಕಡೆಯ ಮರಳಿಗೆ ನಾವು ಧಾರಾಳವಾಗಿ ಶಿಫಾರಸು ಮಾಡುತ್ತೇವೆ.

ಕೆಲಸ ಮುಗಿದ ಮೇಲೆ ಕ್ರಾಸ್‌ಹೋಲ್ ಸೋನಿಕ್ (ಪೈಲಿನೊಳಗಿನ ಕೊಳವೆಗಳ ನಡುವೆ ಶಬ್ದತರಂಗ ಹಾಯಿಸುವ ಪರೀಕ್ಷೆ) ವರದಿ ತೋರಿಸಿ ಹಣ ಕೇಳಿದರೆ ಒಪ್ಪಬೇಡಿ. ಆ ಪರೀಕ್ಷೆ ಕೊಳವೆಗಳ ನಡುವಿನ ಕಾಂಕ್ರೀಟನ್ನಷ್ಟೇ ನೋಡುತ್ತದೆ, ಕೊಳವೆಯ ತುದಿಯ ಕೆಳಗೇನಿದೆ ಎಂದು ಹೇಳದು. ತಳ ದಾಟಿ ಹೊಸ ಕೋರ್ ತೆಗೆಸಿ, ಪೈಲುಗಳ ಭಾರತೀಯ ಮಾನಕ ಐಎಸ್ 2911ರ 4ನೇ ಭಾಗದ ಪ್ರಕಾರ ಪೈಲ್ ಹೊರಬೇಕಾದ ಭಾರದ 1.5 ಪಟ್ಟು ಹೇರುವ ಪರೀಕ್ಷೆ ಮಾಡಿಸಿ. ಕೊನೆಯ ಕಂತು ಆ ಫಲಿತಾಂಶ ಬಂದ ಮೇಲೆ.